ವಿಳಾಸ ತಪ್ಪಿದ ನೋವು

ಮುಖದ ನೋವಿನ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಹಲ್ಲಿನಿಂದ ಮೊದಲು ಮಾಡುತ್ತಾರೆ. ನಾನು ಒಂದು ಪೀಚ್ ಹಣ್ಣಿನಿಂದ ಮೊದಲು ಮಾಡುತ್ತೇನೆ. 1884ರ ಬೇಸಗೆ. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಕಡಲ ತೀರದಲ್ಲಿ ಲಾಂಗ್ ಬ್ರಾಂಚ್ ಎಂಬ ಊರು. ಅಲ್ಲಿನ ತಮ್ಮ ಬೇಸಗೆಯ ಮನೆಯಲ್ಲಿ ಅರವತ್ತೆರಡು ವರ್ಷದ ಗೃಹಸ್ಥರೊಬ್ಬರು ಆ ಹಣ್ಣನ್ನು ಕಚ್ಚಿ ನುಂಗಿದೊಡನೆ ಗಂಟಲಲ್ಲಿ ಏನೋ ಕುಟುಕಿದಂತಾಯಿತು. ಹಣ್ಣಿನೊಳಗೆ ಕಣಜದ ಹುಳು ಸೇರಿಕೊಂಡಿತ್ತೇನೋ ಎಂದುಕೊಂಡರು. ನೀರು ಕುಡಿದರೆ ಬೆಂಕಿ ಕುಡಿದಂತಾಯಿತು. ಆದರೂ ಅವರು ಅದನ್ನು ದೊಡ್ಡದು ಮಾಡಲಿಲ್ಲ. ನೋವನ್ನು ದೊಡ್ಡದು ಮಾಡುವುದು ಅವರ ಸ್ವಭಾವವಾಗಿರಲಿಲ್ಲ. ಅವರ ಹೆಸರು ಯುಲಿಸಿಸ್ ಗ್ರಾಂಟ್. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಗೆಲುವು ತಂದುಕೊಟ್ಟ ದಂಡನಾಯಕರು. 1869ರಿಂದ 1877ರವರೆಗೆ ಎರಡು ಅವಧಿ ರಾಷ್ಟ್ರಾಧ್ಯಕ್ಷರಾಗಿದ್ದವರು. ಆ ವರ್ಷದ ಮೇ ತಿಂಗಳಲ್ಲಿ ಪಾಲುದಾರನೊಬ್ಬನ ಮೋಸದಿಂದ ಅವರ ಲೇವಾದೇವಿ ಸಂಸ್ಥೆ ದಿವಾಳಿಯೆದ್ದು, ಕೈಯಲ್ಲಿ ಕಾಸಿಲ್ಲದ ಸ್ಥಿತಿಗೆ ಇಳಿದಿದ್ದರು.

ಫಿಲಡೆಲ್ಫಿಯದ ಹೆಸರಾಂತ ವೈದ್ಯ ಡಕೋಸ್ಟ ಆಕಸ್ಮಿಕವಾಗಿ ಆ ಊರಿಗೆ ಬಂದಿದ್ದವರು ಗಂಟಲನ್ನು ನೋಡಿ, ತಡಮಾಡದೆ ನಿಮ್ಮ ವೈದ್ಯರಿಗೆ ತೋರಿಸಿ ಎಂದರು. ಗ್ರಾಂಟರ ವೈದ್ಯರು ಯೂರೋಪಿನ ಪ್ರವಾಸದಲ್ಲಿದ್ದರು. ಅವರು ಬರಲಿ ಎಂದು ಗ್ರಾಂಟ್ ಕಾದರು. ಅಕ್ಟೋಬರ್ 22ರಂದು ನ್ಯೂಯಾರ್ಕಿನ ಗಂಟಲ ತಜ್ಞ ಜಾನ್ ಹ್ಯಾನ್‌ಕಾಕ್ ಡಗ್ಲಸ್ ಅವರ ಮುಂದೆ ಕುಳಿತಾಗ ನೋವು ಗಂಟಲಲ್ಲಿ ಮಾತ್ರ ಉಳಿದಿರಲಿಲ್ಲ, ಕಿವಿಯವರೆಗೆ ಹಬ್ಬಿತ್ತು. ಕಿವಿಯಲ್ಲಾದರೋ ಯಾವ ರೋಗವೂ ಇರಲಿಲ್ಲ. ಹುಣ್ಣು ಇದ್ದದ್ದು ನಾಲಗೆಯ ಬುಡದ ಬಳಿ, ಬಲ ಟಾನ್ಸಿಲಿನ ಆಸುಪಾಸಿನಲ್ಲಿ.

ಬಾಯೊಳಗಿನ ಹುಣ್ಣು ಕಿವಿಯಲ್ಲೇಕೆ ನೋಯಬೇಕು? ಈ ಒಂದು ಪ್ರಶ್ನೆಯನ್ನು ವೈದ್ಯರು ಎಷ್ಟು ನಿಧಾನವಾಗಿ ಅರ್ಥಮಾಡಿಕೊಂಡರು ಎಂಬುದೇ ನಾನು ಇಂದು ಹೇಳಬೇಕೆಂದಿರುವ ಕಥೆ. ಅದಕ್ಕಾಗಿ ಗ್ರಾಂಟರನ್ನು ಸ್ವಲ್ಪ ಹೊತ್ತು ಅಲ್ಲಿಯೇ ಬಿಟ್ಟು ಒಂದು ನೂರು ವರ್ಷ ಹಿಂದಕ್ಕೆ ಹೋಗಬೇಕಾಗಿದೆ.

ಮುಖದಲ್ಲಿ ಬರುವ ಭಯಂಕರ ಶೂಲೆಯನ್ನು ಹಿಂದಿನವರು ಅರಿಯದವರಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಿರುವ ಹನ್ನೊಂದು ಶಿರೋರೋಗಗಳಲ್ಲಿ ‘ಅನಂತವಾತ’ ಒಂದು. ಹುಬ್ಬು, ಕಣ್ಣು, ಕಪೋಲಗಳಲ್ಲಿ ನೆಲೆಸುವ ಆ ತೀವ್ರ ವೇದನೆಯೇ ಇಂದಿನ ವೈದ್ಯರು ಹೇಳುವ ಮುಖದ ನರಶೂಲೆ ಎಂದು ಕೆಲವು ಪಂಡಿತರ ಅಭಿಪ್ರಾಯ. ಯೂರೋಪಿನಲ್ಲಿ ವರ್ಸೇಲ್ಸಿನ ಶಸ್ತ್ರವೈದ್ಯ ನಿಕೋಲಾ ಆಂದ್ರೆ 1756ರಲ್ಲಿ ಅದಕ್ಕೊಂದು ಹೆಸರಿಟ್ಟ. ನೋವಿನ ಹೊಡೆತಕ್ಕೆ ಮುಖ ಒಮ್ಮೆಲೇ ಕಿವಿಚಿಕೊಳ್ಳುವುದನ್ನು ಆ ಹೆಸರು ಸೂಚಿಸುತ್ತಿತ್ತು. ಆದರೆ ರೋಗಿಗಳ ಮಾತನ್ನು ಕಿವಿಗೊಟ್ಟು ಕೇಳಿ, ನೋವಿನ ಚಿತ್ರವನ್ನು ಸಾವಧಾನವಾಗಿ ಬರೆದಿಟ್ಟವನು ಲಂಡನ್ನಿನ ಜಾನ್ ಫಾದರ್‌ಗಿಲ್. ಕ್ವೇಕರ್ ಪಂಥದ ಈ ವೈದ್ಯ 1773ರಲ್ಲಿ ಓದಿದ ಪ್ರಬಂಧವನ್ನು ಈಗಲೂ ಓದಬಹುದು. ನೋವು ಹೇಗೆ ಹಠಾತ್ತನೆ ಬರುತ್ತದೆ, ಕ್ಷಣದಲ್ಲಿ ಹೋಗುತ್ತದೆ, ಊಟ ಮಾಡುವಾಗ, ಮಾತಾಡುವಾಗ, ಮುಖಕ್ಕೆ ಏನಾದರೂ ಸೋಕಿದಾಗ ಮರುಕಳಿಸುತ್ತದೆ ಎಂಬುದೆಲ್ಲ ಅದರಲ್ಲಿದೆ.

ನನ್ನನ್ನು ಅಲ್ಲಿ ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ಈ ನೋವಿನ ಹಿಂದೆ ಕ್ಯಾನ್ಸರಿನ ವಿಷವೇ ಅಡಗಿರಬಹುದೆಂದು ಫಾದರ್‌ಗಿಲ್ ಶಂಕಿಸಿದ. ಆದ್ದರಿಂದ ಆ ಕಾಲದಲ್ಲಿ ಕ್ಯಾನ್ಸರಿಗೆ ಮದ್ದೆಂದು ವಿಯೆನ್ನದ ವೈದ್ಯ ಸ್ಟೋರ್ಕ್ ಪ್ರಚಾರ ಮಾಡಿದ್ದ ಹೆಮ್‌ಲಾಕ್ ಗಿಡದ ಸತ್ವವನ್ನೇ ತನ್ನ ರೋಗಿಗಳಿಗೆ ಕೊಟ್ಟ. ಅಥೆನ್ಸಿನ ಸೆರೆಮನೆಯಲ್ಲಿ ಸಾಕ್ರಟೀಸ್ ಕುಡಿದ ಬಟ್ಟಲಲ್ಲಿದ್ದುದು ಇದೇ ಗಿಡದ ರಸ. ಫಾದರ್‌ಗಿಲ್ ಕಂಡ ರೋಗಿಗಳಲ್ಲಿ ಬಹುಮಂದಿಗೆ ಕ್ಯಾನ್ಸರ್ ಇದ್ದಿರಲಾರದು. ಮೆದುಳಿನ ಬುಡದಲ್ಲಿ ರಕ್ತನಾಳವೊಂದು ನರದ ಮೂಲವನ್ನು ಒತ್ತುವುದೇ ಇಂಥ ಶೂಲೆಗೆ ಸಾಮಾನ್ಯ ಕಾರಣವೆಂದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಉತ್ತರ ತಪ್ಪಿತ್ತು; ಆದರೆ ಪ್ರಶ್ನೆ ಸರಿಯಾಗಿತ್ತು. ನೋವಿಗೆ ಹೆಸರು ಕೊಟ್ಟು ಸುಮ್ಮನಾಗದೆ ಅದರ ಹಿಂದೆ ಏನಿದೆ ಎಂದು ಕೇಳಿದವನು ಅವನು. ಅವನ ನಂತರ ನೂರಾರು ವೈದ್ಯರು ಹೆಸರಿಗೇ ತೃಪ್ತರಾದರು.

ಮುಂದಿನ ಅಧ್ಯಾಯ ಚಾರ್ಲ್ಸ್ ಬೆಲ್‌ನದು. ಮುಖಕ್ಕೆ ಎರಡು ಮುಖ್ಯ ನರಗಳಿವೆ. ಮೆದುಳಿನಿಂದ ನೇರವಾಗಿ ಹೊರಡುವ ನರಗಳ ಲೆಕ್ಕದಲ್ಲಿ ಒಂದು ಐದನೆಯದು, ಇನ್ನೊಂದು ಏಳನೆಯದು. ನಗುವುದು, ಹುಬ್ಬು ಗಂಟಿಕ್ಕುವುದು, ಕಣ್ಣು ಮುಚ್ಚುವುದು ಏಳನೆಯದರ ಕೆಲಸ. ಮುಖದ ಸ್ಪರ್ಶ, ಬಿಸಿ ತಂಪು, ನೋವು ಇವೆಲ್ಲ ಮೆದುಳಿಗೆ ಹೋಗುವುದು ಐದನೆಯದರ ಮೂಲಕ. ಅದು ಮೂರು ಕವಲಾಗಿ ಒಡೆದು, ಹಣೆಗೊಂದು, ಮೇಲ್ದವಡೆಗೊಂದು, ಕೆಳದವಡೆಗೂ ನಾಲಗೆಗೂ ಒಂದು ಎಂದು ಹಂಚಿಕೊಂಡಿದೆ. ಇಂದು ವೈದ್ಯ ವಿದ್ಯಾರ್ಥಿ ಮೊದಲ ವರ್ಷವೇ ಕಲಿಯುವ ಈ ಪಾಠ 1821ಕ್ಕೆ ಮೊದಲು ಯಾರಿಗೂ ಸ್ಪಷ್ಟವಿರಲಿಲ್ಲ. ಅದರ ಫಲವೇನೆಂದರೆ, ಮುಖಶೂಲೆಯನ್ನು ಗುಣಪಡಿಸಲೆಂದು ಶಸ್ತ್ರವೈದ್ಯರು ಏಳನೆಯ ನರವನ್ನು ಕತ್ತರಿಸುತ್ತಿದ್ದರು. ರೋಗಿಯ ಮುಖ ಒಂದು ಕಡೆ ಜೋತುಬೀಳುತ್ತಿತ್ತು, ನೋವು ಮಾತ್ರ ಇದ್ದಂತೆಯೇ ಇರುತ್ತಿತ್ತು. ಎರಡು ನರಗಳ ಧರ್ಮ ಬೇರೆಬೇರೆ ಎಂದು ಬೆಲ್ 1821ರಲ್ಲಿ ತೋರಿಸಿದ. ಅವನ ವಿವರಣೆಯಲ್ಲಿದ್ದ ತಪ್ಪುಗಳನ್ನು ಹರ್ಬರ್ಟ್ ಮೇಯೊ ಮತ್ತು ಫ್ರಾನ್ಸಿನ ಮಜಾಂಡಿ ಮರುವರ್ಷವೇ ತಿದ್ದಿದರು. ಆ ವಿಷಯದಲ್ಲಿ ಅವರೊಳಗೆ ನಡೆದ ಜಗಳ ಬಹಳ ಕಾಲ ಆರಲಿಲ್ಲ. ಅದು ನಮಗೆ ಬೇಡ.

ನಮಗೆ ಬೇಕಾದದ್ದು ಬೆಲ್ ಬರೆದ ಎರಡು ಸಣ್ಣ ವೃತ್ತಾಂತಗಳು. ಒಬ್ಬರಿಗೆ ಕೆಳದವಡೆಯ ಹಲ್ಲು ಕೀಳುವಾಗ ನರಕ್ಕೆ ಪೆಟ್ಟಾಯಿತು. ಬಾಯಿ ಮುಕ್ಕಳಿಸಲು ನೀರಿನ ಲೋಟ ಕೊಟ್ಟರೆ, ಒಡೆದ ಲೋಟವನ್ನೇಕೆ ಕೊಟ್ಟಿರಿ ಎಂದು ಅವರು ಕೇಳಿದರು. ಲೋಟ ನೆಟ್ಟಗೇ ಇತ್ತು. ತುಟಿಯ ಅರ್ಧಭಾಗ ಸ್ಪರ್ಶವನ್ನು ಕಳೆದುಕೊಂಡಿದ್ದರಿಂದ ಲೋಟದ ಅರ್ಧ ಅಂಚು ಅವರ ಪಾಲಿಗೆ ಇಲ್ಲವಾಗಿತ್ತು. ಎರಡನೆಯದು 1830ರ ಗ್ರಂಥದಲ್ಲಿದೆ: ಸ್ತನದ ಕ್ಯಾನ್ಸರ್ ಇದ್ದ ಹೆಂಗಸಿನ ತುಟಿ ಮರಗಟ್ಟಿತು. ಆಕೆಯ ಹಲ್ಲನ್ನು ಯಾರೂ ಕಿತ್ತಿರಲಿಲ್ಲ. ದೂರದ ಕ್ಯಾನ್ಸರ್ ದವಡೆಯ ನರದ ದಾರಿಗೆ ಬಂದು ತಲುಪಿತ್ತು. ಕೆಳತುಟಿ, ಗದ್ದಗಳ ಮರಗಟ್ಟುವಿಕೆಯನ್ನು ಅಡಗಿರುವ ಕ್ಯಾನ್ಸರಿನ ಸೂಚನೆಯೆಂದು ವೈದ್ಯರು ಇಂದು ಗಂಭೀರವಾಗಿ ಪರಿಗಣಿಸುತ್ತಾರೆ. ಹಾಗೆ ಪರಿಗಣಿಸುವವರ ಸಾಲಿನಲ್ಲಿ ಮೊದಲಿಗನೆಂದು ಬೆಲ್‌ನ ಹೆಸರನ್ನೇ ಹೇಳುವುದು ವಾಡಿಕೆ.

ಕ್ಯಾನ್ಸರ್ ನರವನ್ನು ಹೊರಗಿನಿಂದ ಒತ್ತುವುದು ಒಂದು ಬಗೆ. ನರವನ್ನೇ ದಾರಿ ಮಾಡಿಕೊಂಡು ನಡೆಯುವುದು ಇನ್ನೊಂದು. ಈ ಎರಡನೆಯ ಬಗೆಯನ್ನು ಪ್ಯಾರಿಸ್ಸಿನ ಕ್ರೂವೇಲ್ಯೆ 1835ರ ಸುಮಾರಿಗೆ ಶವಪರೀಕ್ಷೆಗಳಲ್ಲಿ ಗುರುತಿಸಿದ: ತಲೆ, ಕುತ್ತಿಗೆಗಳ ಗೆಡ್ಡೆಗಳು ನರಗಳ ಜಾಡು ಹಿಡಿದು ತಲೆಬುರುಡೆಯ ಒಳಕ್ಕೆ ನಡೆದಿದ್ದವು. ಪ್ರತಿಯೊಂದು ನರಕ್ಕೂ ಕೋಶದಂಥ ಹೊದಿಕೆಯಿದೆ. ಹೊದಿಕೆಗೂ ಒಳಗಿನ ಎಳೆಗಳಿಗೂ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಕ್ಯಾನ್ಸರಿನ ಜೀವಕೋಶಗಳು ಇರುವೆಗಳ ಸಾಲಿನಂತೆ ಸಾಗುತ್ತವೆ. ಅಂಗುಳಿನ ಹುಣ್ಣು ಅಂಗುಳಿನ ನರವನ್ನು ಹಿಡಿದು, ಮೇಲ್ದವಡೆಯ ಹಿಂದಿನ ಸಣ್ಣ ಗುಳಿಯನ್ನು ಸೇರಿ, ಅಲ್ಲಿಂದ ಒಂದು ರಂಧ್ರದ ಮೂಲಕ ಬುರುಡೆಯನ್ನು ಹೊಗಬಹುದು. ಬಾಯಿಗೆ ದೀಪ ಹಿಡಿದು ನೋಡಿದವರಿಗೆ ಬಟಾಣಿಯಷ್ಟು ಗಂಟು ಕಂಡರೆ, ಅದರ ಬೇರು ಮೆದುಳಿನ ಅಡಿಯಲ್ಲಿರಬಹುದು. ಬಾಯಿಯ ಚಿಕ್ಕ ಲಾಲಾಗ್ರಂಥಿಗಳಲ್ಲಿ ಹುಟ್ಟುವ ಒಂದು ಜಾತಿಯ ಕ್ಯಾನ್ಸರಿಗಂತೂ ಇದು ಹುಟ್ಟುಗುಣ. ಅದು ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಯಾಗಿ ಎಷ್ಟೋ ವರ್ಷಗಳ ಮೇಲೆ ಇನ್ನೆಲ್ಲೋ ತಲೆಯೆತ್ತುತ್ತದೆ.

ನರದ ಸುತ್ತಲಿನ ಆ ಜಾಗ ದುಗ್ಧರಸದ ನಾಳವೆಂದೂ, ಕ್ಯಾನ್ಸರ್ ಅದರಲ್ಲಿ ಸುಮ್ಮನೆ ತೇಲಿಹೋಗುತ್ತದೆಂದೂ ಬಹುಕಾಲ ನಂಬಿದ್ದರು. ಅಲ್ಲಿ ಅಂಥ ನಾಳವೇ ಇಲ್ಲವೆಂದು 1960ರ ದಶಕದಲ್ಲಿ ಸಿದ್ಧವಾಯಿತು. ನರವೂ ಗೆಡ್ಡೆಯೂ ರಾಸಾಯನಿಕ ಸಂಕೇತಗಳನ್ನು ಪರಸ್ಪರ ಕೊಟ್ಟು ತೆಗೆದುಕೊಂಡು ಒಂದನ್ನೊಂದು ಸೆಳೆಯುತ್ತವೆ ಎಂಬುದು ಈಚಿನ ತಿಳಿವಳಿಕೆ. ಈ ಪಯಣ ಯಾವಾಗಲೂ ಸದ್ದು ಮಾಡುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನರದ ಸುತ್ತ ಕ್ಯಾನ್ಸರ್ ಕಾಣುವ ರೋಗಿಗಳಲ್ಲಿ ಎಷ್ಟೋ ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಲಕ್ಷಣವಿದ್ದವರಲ್ಲಿ ಕೆಲವರಿಗೆ ಕೊರೆಯುವ ನೋವು, ಕೆಲವರಿಗೆ ಉರಿ, ಕೆಲವರಿಗೆ ಚರ್ಮದ ಕೆಳಗೆ ಇರುವೆ ಹರಿದಂತೆ, ಕೆಲವರಿಗೆ ಬರಿಯ ಜೋಮು.

ಈಗ ಗ್ರಾಂಟರ ಕಿವಿಗೆ ಬರಬಹುದು. ನಾಲಗೆಯ ಬುಡ ಮತ್ತು ಟಾನ್ಸಿಲಿನ ನೋವನ್ನು ಮೆದುಳಿಗೆ ಒಯ್ಯುವುದು ಒಂಬತ್ತನೆಯ ನರ. ಅದೇ ನರದ ಒಂದು ಸಣ್ಣ ಕವಲು ಕಿವಿಯ ಒಳಮನೆಗೂ ಹೋಗುತ್ತದೆ. ನಾಲಗೆಯ ಮುಂಭಾಗಕ್ಕೆ ಹೋಗುವ ಐದನೆಯ ನರದ ಮೂರನೆಯ ಕವಲಿಗೂ ಕಿವಿಯ ಮುಂದಿನ ಚರ್ಮಕ್ಕೆ ಹೋಗುವ ಎಳೆಯೊಂದಿದೆ. ಒಂದೇ ತಂತಿಯ ಎರಡು ತುದಿ ಎರಡು ಮನೆಗಳಲ್ಲಿದ್ದರೆ, ಸುದ್ದಿ ಯಾವ ಮನೆಯಿಂದ ಹೊರಟಿತೆಂದು ತಂತಿಕಚೇರಿಗೆ ತಿಳಿಯುವ ಬಗೆ ಹೇಗೆ? ಮೆದುಳು ವಿಳಾಸವನ್ನು ತಪ್ಪಾಗಿ ಓದಿಕೊಳ್ಳುತ್ತದೆ. ಕಿವಿ ನೋಯುತ್ತದೆ, ಕಿವಿಯಲ್ಲಿ ಏನೂ ಇರುವುದಿಲ್ಲ.

ಗ್ರಾಂಟರಿಗೆ ನಿಜವಾದ ವಿಳಾಸ ಗೊತ್ತಾದಾಗ ತಿಂಗಳುಗಳು ಕಳೆದಿದ್ದವು. ನರಶೂಲೆಯೆಂದು ಹಲ್ಲು ಕೀಳಿಸಿದ್ದೂ ಆಯಿತು. 1885ರ ಫೆಬ್ರವರಿಯಲ್ಲಿ ಹುಣ್ಣಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರನ್ನು ದೃಢಪಡಿಸಿದರು. ಮಾರ್ಚ್ 1ರ ‘ನ್ಯೂಯಾರ್ಕ್ ಟೈಮ್ಸ್’ ಗ್ರಾಂಟ್ ಸಾಯುತ್ತಿದ್ದಾರೆಂದು ಪ್ರಕಟಿಸಿತು. 1862ರಲ್ಲಿ ಡೊನೆಲ್ಸನ್ ಕೋಟೆ ಗೆದ್ದ ದಂಡನಾಯಕನ ಕೈಯಲ್ಲಿ ಚುಟ್ಟಾ ಇತ್ತೆಂದು ಪತ್ರಿಕೆಯಲ್ಲಿ ಓದಿ, ಅಭಿಮಾನಿಗಳು ಸಾವಿರಾರು ಚುಟ್ಟಾಗಳನ್ನು ಕಳುಹಿಸಿಕೊಟ್ಟಿದ್ದರು. ದೇಶ ಪ್ರೀತಿಯಿಂದ ಕೊಟ್ಟ ಆ ಕಾಣಿಕೆಯೇ ಇಪ್ಪತ್ತೆರಡು ವರ್ಷಗಳ ಮೇಲೆ ಫಲ ಕೊಟ್ಟಿತು.

ಸಾಹಿತ್ಯ ಬಲ್ಲವರಿಗೆ ಮುಂದಿನ ಕಥೆ ಪರಿಚಿತ. ಹೆಂಡತಿ ಮಕ್ಕಳನ್ನು ಬೀದಿಗೆ ಬಿಡಬಾರದೆಂದು ಗ್ರಾಂಟ್ ಆತ್ಮಕಥೆ ಬರೆಯತೊಡಗಿದ್ದರು. ಪ್ರಕಾಶಕರಾಗಿ ಮುಂದೆ ಬಂದವರು ಮಾರ್ಕ್ ಟ್ವೇನ್. ನುಂಗಲಾಗದೆ, ಕಡೆಗೆ ಮಾತೂ ಆಡಲಾಗದೆ, ವೈದ್ಯರೊಡನೆ ಚೀಟಿಯ ಮೇಲೆ ಬರೆದು ಸಂಭಾಷಿಸುತ್ತ, ಗ್ರಾಂಟ್ ಆ ಗ್ರಂಥವನ್ನು ಮುಗಿಸಿದರು. ಡಗ್ಲಸ್‌ಗೆ ಬರೆದ ಒಂದು ಚೀಟಿಯಲ್ಲಿ, ತಾನು ಸರ್ವನಾಮವಾಗಿ ಉಳಿದಿಲ್ಲ, ಕ್ರಿಯಾಪದವಾಗಿದ್ದೇನೆ ಎಂಬ ಅರ್ಥದ ಮಾತಿದೆ. ಇರುವುದು, ಮಾಡುವುದು, ಅನುಭವಿಸುವುದು ಈ ಮೂರನ್ನೂ ಕ್ರಿಯಾಪದ ಸೂಚಿಸುತ್ತದೆ, ಮೂರೂ ತನ್ನಲ್ಲಿವೆ ಎಂದು. ವ್ಯಾಕರಣ ಸಾವಿನ ಬಳಿಗೆ ಇಷ್ಟು ಹತ್ತಿರ ಹೋದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅವರು ತೀರಿಕೊಂಡದ್ದು 1885ರ ಜುಲೈ 23. ಪುಸ್ತಕದ ಮಾರಾಟದಿಂದ ಅವರ ಪತ್ನಿಗೆ ಬಂದದ್ದು ಸುಮಾರು 4,50,000 ಡಾಲರು.

ಆ ಕಡೆಯ ತಿಂಗಳುಗಳಲ್ಲಿ ಗಂಟಲಿಗೆ ಸವರುತ್ತಿದ್ದ ಕೊಕೇನ್ ದ್ರಾವಣ ಅವರ ನೋವನ್ನು ಸ್ವಲ್ಪ ಹೊತ್ತು ತಡೆಯುತ್ತಿತ್ತು. ಅದು ಆಗ ಕೇವಲ ಕೆಲವು ತಿಂಗಳ ಹಿಂದಿನ ಹೊಸ ಮದ್ದು. ಅಂಗವನ್ನು ಮರಗಟ್ಟಿಸುವ ಅದರ ಗುಣವನ್ನು 1884ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ತಿಳಿಸಿದವರು ವಿಯೆನ್ನದ ಕಾರ್ಲ್ ಕೊಲರ್. ಅದೇ ಜುಲೈಯಲ್ಲಿ ಕೊಕೇನನ್ನು ಕುರಿತು ಪ್ರಬಂಧ ಬರೆದು ಕೊಲರರ ಕುತೂಹಲವನ್ನು ಕೆರಳಿಸಿದ್ದವರು ಅವರ ಗೆಳೆಯ, ಇಪ್ಪತ್ತೆಂಟು ವರ್ಷದ ಸಿಗ್ಮಂಡ್ ಫ್ರಾಯ್ಡ್. ಮುಖದ ನರಶೂಲೆಗೂ ಕೊಕೇನನ್ನು ಪ್ರಯೋಗಿಸಬೇಕೆಂದು ಫ್ರಾಯ್ಡ್ 1885ರ ಆರಂಭದಲ್ಲಿ ಯೋಚಿಸಿದ್ದರು. ಆ ನೋವು ಮುಂದೆ ತಮ್ಮನ್ನೇ ಹುಡುಕಿಕೊಂಡು ಬಂದೀತೆಂದು ಅವರಿಗೆ ಹೇಗೆ ತಿಳಿಯಬೇಕು?

ಫ್ರಾಯ್ಡರೂ ಚುಟ್ಟಾ ಬಿಡಲಾರದವರು. 1923ರಲ್ಲಿ ಬಲ ಅಂಗುಳಿನಲ್ಲಿ ಬಿಳಿಯ ಮಚ್ಚೆ ಕಾಣಿಸಿತು. ಏಪ್ರಿಲಿನಲ್ಲಿ ಮೊದಲ ಶಸ್ತ್ರಚಿಕಿತ್ಸೆಯಾಯಿತು. ಇದು ಕ್ಯಾನ್ಸರ್ ಎಂಬುದನ್ನು ಹತ್ತಿರದ ವೈದ್ಯರು ಮೊದಲಿಗೆ ಅವರಿಂದಲೇ ಮುಚ್ಚಿಟ್ಟರು. ಮನಸ್ಸು ಮುಚ್ಚಿಟ್ಟದ್ದನ್ನು ತೆರೆದು ನೋಡುವುದನ್ನೇ ಬದುಕಾಗಿಸಿಕೊಂಡವರಿಗೆ ಹಾಗೆ ಮಾಡಿದ್ದನ್ನು ಫ್ರಾಯ್ಡ್ ಕ್ಷಮಿಸಲಿಲ್ಲ. ಅಕ್ಟೋಬರಿನಲ್ಲಿ ಹಾನ್ಸ್ ಪಿಕ್ಲರ್ ಮೇಲ್ದವಡೆಯ ಒಂದು ಭಾಗವನ್ನೇ ತೆಗೆದು ಕೃತಕ ದವಡೆ ಜೋಡಿಸಿದರು. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳು ನಡೆದವು. 1938ರ ಜೂನಿನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ನಿಗೆ ಹೊರಟವರೊಡನೆ ಆ ರೋಗವೂ ಬಂತು. 1939ರ ಆರಂಭದಲ್ಲಿ ನೋವು ಹೆಚ್ಚಿದಾಗ, ಇದು ಹಳೆಯ ಗಾಯದ ಉಪದ್ರವವಲ್ಲ, ಕಣ್ಣಿನ ಗುಳಿಯ ಕಡೆಗೆ ಮೇಲಕ್ಕೆ ಹೊಸದೇನೋ ಬೆಳೆಯುತ್ತಿದೆ ಎಂದು ಅವರ ಆಪ್ತವೈದ್ಯ ಮ್ಯಾಕ್ಸ್ ಶೂರ್ ಶಂಕಿಸಿದರು. ಬೇರೆ ತಜ್ಞರ ಅಭಿಪ್ರಾಯ ಕೇಳಬೇಕಾಯಿತು. ಫೆಬ್ರವರಿಯಲ್ಲಿ ಬಂದವರು ವಿಲ್‌ಫ್ರೆಡ್ ಟ್ರಾಟರ್.

ಟ್ರಾಟರ್ ಬರಿಯ ಶಸ್ತ್ರವೈದ್ಯರಾಗಿರಲಿಲ್ಲ. ಮನುಷ್ಯನ ಮಂದೆಬುದ್ಧಿಯ ಮೇಲೆ ಅವರು 1916ರಲ್ಲಿ ಪ್ರಕಟಿಸಿದ ಗ್ರಂಥವನ್ನು ಫ್ರಾಯ್ಡ್ ತಮ್ಮ 1921ರ ಪುಸ್ತಕದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದರು. ನರಗಳ ಧರ್ಮ ತಿಳಿಯಲು ತಮ್ಮ ಚರ್ಮದ ನರಗಳನ್ನೇ ಕತ್ತರಿಸಿಕೊಂಡು ಪರೀಕ್ಷಿಸಿಕೊಂಡವರು ಅವರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅವರ 1911ರ ಲೇಖನ. ಮೂಗಿನ ಹಿಂದೆ, ಗಂಟಲಿನ ಮೇಲೆ, ಕಣ್ಣಿಗೆ ಕಾಣದ ಮೂಲೆಯಲ್ಲಿ ಬೆಳೆಯುವ ಕ್ಯಾನ್ಸರನ್ನು ಗುರುತಿಸುವ ಬಗೆಯನ್ನು ಅದರಲ್ಲಿ ಹೇಳಿದ್ದರು. ಒಂದು ಕಿವಿ ಮಂದವಾಗುತ್ತದೆ. ಅದೇ ಪಕ್ಕದ ಕೆಳದವಡೆ, ನಾಲಗೆಯ ನರದಲ್ಲಿ ಶೂಲೆ ಬರುತ್ತದೆ. ಕಿರುನಾಲಗೆಯಿರುವ ಮೆತ್ತನೆಯ ಅಂಗುಳು ಆ ಪಕ್ಕದಲ್ಲಿ ಸರಿಯಾಗಿ ಮೇಲೇಳುವುದಿಲ್ಲ. ಮೂರೂ ಕೂಡಿದರೆ, ಏನೂ ಕಾಣದಿದ್ದರೂ ಕ್ಯಾನ್ಸರಿಗಾಗಿ ಹುಡುಕಬೇಕು. ಟ್ರಾಟರರ ಹೆಸರಿನಲ್ಲೇ ಈ ಮೂರು ಲಕ್ಷಣಗಳು ವೈದ್ಯಶಾಸ್ತ್ರದಲ್ಲಿ ಇಂದಿಗೂ ಉಳಿದಿವೆ. ಫಾದರ್‌ಗಿಲ್ ಕೇಳಿದ ಪ್ರಶ್ನೆಗೆ ನೂರಮೂವತ್ತೆಂಟು ವರ್ಷಗಳ ಮೇಲೆ ಒಬ್ಬರು ಕೊಟ್ಟ ನೇರವಾದ ಉತ್ತರ ಅದು.

ಆದರೆ ಫ್ರಾಯ್ಡರ ಬಾಯನ್ನು ನೋಡಿದ ಟ್ರಾಟರ್ ಹೇಳಿದ್ದು ಇನ್ನಷ್ಟು ಕಾದು ನೋಡೋಣ ಎಂದು. ಶಸ್ತ್ರಚಿಕಿತ್ಸೆಯ ಹಳೆಯ ಕಲೆಗಳು ತುಂಬಿದ್ದ ಆ ಬಾಯಲ್ಲಿ ಹೊಸತು ಯಾವುದು, ಹಳತು ಯಾವುದು ಎಂದು ಬಿಡಿಸುವುದು ಸುಲಭವಿದ್ದಿರಲಾರದು. ಫೆಬ್ರವರಿಯ ಕೊನೆಗೆ ತುಣುಕು ತೆಗೆದು ಪರೀಕ್ಷಿಸಿದಾಗ ಶೂರ್ ಶಂಕೆಯೇ ನಿಜವಾಯಿತು. ಗೆಡ್ಡೆ ಶಸ್ತ್ರಕ್ಕೆ ನಿಲುಕದಷ್ಟು ಹಿಂದೆ ಸರಿದಿತ್ತು. ಫ್ರಾಯ್ಡ್ ಸೆಪ್ಟೆಂಬರ್ 23ರಂದು ತೀರಿಕೊಂಡರು. ಟ್ರಾಟರ್ ಅದೇ ವರ್ಷದ ನವೆಂಬರಿನಲ್ಲಿ. ಟ್ರಾಟರರ ಹಿಂಜರಿಕೆಯನ್ನು ಕುರಿತು ನಾನು ಕಠಿಣವಾಗಿ ಮಾತಾಡಲಾರೆ. ರೋಗಿಯ ಪಕ್ಕದಲ್ಲಿ ದಿನವೂ ಕುಳಿತ ವೈದ್ಯನಿಗೆ ಕೇಳಿಸುವ ನೋವು, ಎರಡು ಮೂರು ಸಲ ಬಂದು ಹೋಗುವ ಮಹಾಪಂಡಿತನಿಗೆ ಕೇಳಿಸದೆ ಇರಬಹುದು.

ಚುಟ್ಟಾ ಸೇದುವ ದಂಡನಾಯಕರ, ಮನೋವಿಜ್ಞಾನಿಗಳ ಮಾತು ನಮಗೇಕೆ ಎಂದು ಯಾರಾದರೂ ಕೇಳಿದರೆ, ಈ ರೋಗದ ದೊಡ್ಡ ಪಾಲು ನಮ್ಮದೇ ಎಂಬುದು ಉತ್ತರ. ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯ ಶಸ್ತ್ರವೈದ್ಯ ಆರ್ 1933ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಎಲೆಅಡಿಕೆ ಹೊಗೆಸೊಪ್ಪು ಮೆಲ್ಲುವವರ ಬಾಯಿಯ ಕ್ಯಾನ್ಸರನ್ನು ಕುರಿತು ಬರೆದರು. ಹೊಗೆಸೊಪ್ಪು ಸೇರದಿದ್ದರೂ ಕವಳ ಕ್ಯಾನ್ಸರಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಅದು ಹಿತವಾದ ಸುದ್ದಿಯಲ್ಲ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಹೊಸದಾಗಿ ಕಂಡ ತುಟಿ, ಬಾಯಿಯ ಕ್ಯಾನ್ಸರುಗಳು ಸುಮಾರು 3,90,000; ಅವುಗಳಲ್ಲಿ ಸುಮಾರು 1,44,000 ಭಾರತದವು.

ಕವಳವನ್ನು ಒತ್ತಿಟ್ಟುಕೊಳ್ಳುವುದು ಕೆನ್ನೆಗೂ ಒಸಡಿಗೂ ನಡುವಿನ ಸಂದಿನಲ್ಲಿ. ಹುಣ್ಣು ಹುಟ್ಟುವುದೂ ಹೆಚ್ಚಾಗಿ ಅಲ್ಲಿಯೇ. ಒಸಡಿನ ಕೆಳಗೇ ದವಡೆಯ ಎಲುಬು, ಎಲುಬಿನ ಕೊಳವೆಯೊಳಗೆ ಹಲ್ಲುಗಳಿಗೂ ಗದ್ದಕ್ಕೂ ಹೋಗುವ ನರ. ಹಲ್ಲು ಅಲುಗುತ್ತದೆ, ನೋಯುತ್ತದೆ, ಕೀಳಿಸುತ್ತಾರೆ. ಕಿತ್ತ ಗುಳಿ ಮಾಯುವುದಿಲ್ಲ. ನೋವು ಕಿವಿಗೆ ಏರುತ್ತದೆ. ಕಿವಿಗೆ ಎಣ್ಣೆ ಬಿಡುತ್ತಾರೆ. ಗ್ರಾಂಟರ ಮನೆಯಲ್ಲಿ ನಡೆದದ್ದು ನಮ್ಮ ಮನೆಗಳಲ್ಲೂ ನಡೆಯುತ್ತದೆ, ಹೆಚ್ಚು ಬಡತನದಲ್ಲಿ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಇಲ್ಲವಾದರೆ ಈ ಭಾಷಣ ಕೇಳಿ ಹಲ್ಲುನೋವಿನವರೆಲ್ಲ ನಿದ್ದೆಗೆಡಬೇಕಾದೀತು. ಮುಖದ ನೋವಿನಲ್ಲಿ ಬಹುಪಾಲು ಕ್ಯಾನ್ಸರಿನದಲ್ಲ. ಫಾದರ್‌ಗಿಲ್ ವರ್ಣಿಸಿದ ಶೂಲೆ ಸಿಡಿಲಿನಂತೆ ಬಂದು ಸಿಡಿಲಿನಂತೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ಹೊಡೆತಗಳ ನಡುವೆ ಮುಖದ ಸ್ಪರ್ಶ ಸರಿಯಾಗಿಯೇ ಇರುತ್ತದೆ. ಹಗಲಿರುಳೂ ಬಿಡದೆ ಕೊರೆಯುವ ನೋವು, ದಿನದಿನಕ್ಕೆ ಹರಡುವ ಜೋಮು, ಬಾಯಿ ತೆರೆಯಲು ಬಾರದಿರುವುದು, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕಿವಿಯಲ್ಲಿ ಏನೂ ಇಲ್ಲದೆ ಒಂದೇ ಕಡೆ ಉಳಿಯುವ ಕಿವಿನೋವು, ಇವು ಬೇರೆಯ ಜಾತಿ. ಅದರಲ್ಲೂ ನೋವಿದ್ದಲ್ಲಿ ಜೋಮು ಬಂದು ನೋವು ಕಡಿಮೆಯಾದರೆ ಗುಣವಾಯಿತೆಂದು ರೋಗಿ ಸಂತೋಷಪಡುತ್ತಾನೆ, ವೈದ್ಯ ಕಳವಳಪಡುತ್ತಾನೆ.

ನರದ ದಾರಿಯನ್ನು ಇಂದು ಕಾಂತಕ್ಷೇತ್ರದ ಚಿತ್ರಣದಿಂದ, ಎಂದರೆ ಎಂ.ಆರ್.ಐ. ಯಂತ್ರದಿಂದ, ಜೀವಂತ ರೋಗಿಯಲ್ಲೇ ನೋಡಬಹುದು. ಬುರುಡೆಯ ರಂಧ್ರದಲ್ಲಿ ಊದಿಕೊಂಡು ದಪ್ಪನಾದ ನರ ಬಿಳಿಯ ಎಳೆಯಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯನ್ನು ಪರೀಕ್ಷಿಸುವವರು, ನರದ ಸುತ್ತ ಕ್ಯಾನ್ಸರ್ ಇದೆಯೇ ಇಲ್ಲವೇ ಎಂದು ಪ್ರತಿ ವರದಿಯಲ್ಲೂ ಬರೆಯುತ್ತಾರೆ. ಇದ್ದರೆ ವಿಕಿರಣ ಚಿಕಿತ್ಸೆಯನ್ನು ಸೇರಿಸುವ ಯೋಚನೆ ಮಾಡುತ್ತಾರೆ. ಬೇಕಾದರೆ ಆ ನರ ಬುರುಡೆಯವರೆಗೆ ಹೋಗುವ ದಾರಿಯನ್ನೂ ಅದರಲ್ಲಿ ಸೇರಿಸುತ್ತಾರೆ. ಆದರೆ ಆ ಯಂತ್ರದ ಬಳಿಗೆ ಯಾರನ್ನು ಕಳುಹಿಸಬೇಕೆಂಬುದು ತೀರ್ಮಾನವಾಗುವುದು ಈಗಲೂ ಒಂದು ಸಣ್ಣ ಪರೀಕ್ಷೆಯಿಂದ. ರೋಗಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ವೈದ್ಯ ಹತ್ತಿಯ ಎಳೆಯೊಂದನ್ನು ಹೊಸೆದು ಗದ್ದದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮುಟ್ಟಿಸಿ, ಎರಡೂ ಕಡೆ ಒಂದೇ ತೆರನಾಗಿ ತಿಳಿಯುತ್ತದೆಯೇ ಎಂದು ಕೇಳುತ್ತಾನೆ.